ಸ್ವಿಚಿಂಗ್, ವಿಳಂಬ, ಅನಿಶ್ಚಿತತೆ ಮೂರೂ ಒಟ್ಟಿಗಿದ್ದಾಗ ಸ್ಥಿರತೆಗೆ ಯಾವ ವಿಧಾನ?

ಕೆಲವು ವ್ಯವಸ್ಥೆಗಳು ಒಂದು ಮೋಡ್‌ನಿಂದ (ಕೆಲಸ ಮಾಡುವ ಬಗೆಯಿಂದ) ಇನ್ನೊಂದಕ್ಕೆ ಜಿಗಿಯುತ್ತವೆ, ಈಗಿನ ಸ್ಥಿತಿಯ ಜೊತೆಗೆ ಸ್ವಲ್ಪ ಹಿಂದಿನ ಸ್ಥಿತಿಯನ್ನೂ ನಂಬಿಕೊಂಡಿರುತ್ತವೆ, ಅವುಗಳ ನಿಯತಾಂಕಗಳೂ ಪಕ್ಕಾ ಗೊತ್ತಿರುವುದಿಲ್ಲ. ನೆಟ್‌ವರ್ಕ್ ಮೂಲಕ ನಡೆಯುವ ಕಂಟ್ರೋಲ್, ಗೇರ್ ಬದಲಿಸುವ ಡ್ರೈವ್, ಪವರ್ ಕನ್ವರ್ಟರ್ ಎಲ್ಲವೂ ಈ ಜಾತಿಯವೇ. ಇವುಗಳ ಸ್ಥಿರತೆ ಸಾಧಿಸಲು ವಿಧಾನಗಳಿಗೇನೂ ಬರವಿಲ್ಲ, ತೊಡಕಿರುವುದು ಆಯ್ಕೆಯಲ್ಲಿ. ಹೆಚ್ಚಿನವರು ತೀರಾ ಹೊಸ ಇಂಟಿಗ್ರಲ್ ಅಸಮಾನತೆಯನ್ನು ಹಿಡಿದು ದೊಡ್ಡ ಎಲ್‌ಎಂಐ (ರೇಖೀಯ ಮ್ಯಾಟ್ರಿಕ್ಸ್ ಅಸಮಾನತೆ, ಸಾಲ್ವರ್ ಸಾಫ್ಟ್‌ವೇರ್ ಬಿಡಿಸುವ ಶರತ್ತು) ಬರೆಯುವುದರಿಂದ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ: ಸ್ವಿಚಿಂಗ್, ವಿಳಂಬ, ಅನಿಶ್ಚಿತತೆ ಈ ಮೂರರಲ್ಲಿ ನಿಮ್ಮ ಸ್ಥಿರತೆಯ ಅಂಚನ್ನು ತಿನ್ನುತ್ತಿರುವುದು ಯಾವುದು ಎಂದು ಕಂಡುಕೊಳ್ಳುವುದು. ಶ್ರಮ ಹಾಕಬೇಕಾದ್ದು ಅಲ್ಲಿ.

ಕೈಯಲ್ಲೇ ಲೆಕ್ಕ ಹಾಕಬಹುದಾದ ಒಂದು ಉದಾಹರಣೆ

ಸಂಶೋಧಕ ಬ್ರ್ಯಾನಿಕಿ 1998ರ ಪ್ರಬಂಧದಲ್ಲಿ ಬಳಸಿದ ಎರಡು ಮೋಡ್‌ಗಳ ಜೋಡಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮೊದಲ ಮೋಡ್‌ನ ಮ್ಯಾಟ್ರಿಕ್ಸ್‌ನ ಸಾಲುಗಳು (−1, 10) ಮತ್ತು (−100, −1). ಎರಡನೆಯದರ ಸಾಲುಗಳು (−1, 100) ಮತ್ತು (−10, −1). ಎರಡಕ್ಕೂ ಐಗೆನ್ ಮೌಲ್ಯಗಳ ವಾಸ್ತವ ಭಾಗ −1, ಕಾಲ್ಪನಿಕ ಭಾಗ ±31.6. ವಾಸ್ತವ ಭಾಗ ಋಣವಾದ್ದರಿಂದ ಸ್ಥಿತಿ ಸೊನ್ನೆಗೆ ಇಳಿಯುತ್ತದೆ, ಅಂದರೆ ಬಿಡಿಬಿಡಿಯಾಗಿ ಎರಡೂ ಸ್ಥಿರ. ಆದರೆ ಒಂದರ ಪಥ ಅಡ್ಡಲಾಗಿ ಚಪ್ಪಟೆಯಾದ ದೀರ್ಘವೃತ್ತ, ಇನ್ನೊಂದರದು ಉದ್ದಕ್ಕೆ ಚಪ್ಪಟೆಯಾದದ್ದು. ಕಾಲು ಸುತ್ತಿಗೆ 0.0497 ಸೆಕೆಂಡ್ ಬೇಕು. ಮೊದಲ ಮೋಡ್‌ನಲ್ಲಿ ಎಕ್ಸ್ ಅಕ್ಷದಿಂದ ವೈ ಅಕ್ಷದವರೆಗೆ ಹೋಗಿ, ಅಲ್ಲಿ ಸ್ವಿಚ್ ಮಾಡಿ, ಎರಡನೆಯದರಲ್ಲಿ ವೈ ಅಕ್ಷದಿಂದ ಮತ್ತೆ ಎಕ್ಸ್ ಅಕ್ಷಕ್ಕೆ ಬಂದರೆ ಪ್ರತಿ ಕಾಲು ಸುತ್ತಿಗೂ ಸ್ಥಿತಿಯ ಅಳತೆ ಸುಮಾರು 3 ಪಟ್ಟಾಗುತ್ತದೆ. ಎರಡು ಸ್ಥಿರ ಮೋಡ್‌ಗಳು ಸೇರಿ ಸ್ಫೋಟಿಸುವುದು ಹೀಗೆ.

ಈಗ ಡ್ವೆಲ್ ಟೈಮ್ ನೋಡೋಣ, ಅಂದರೆ ಒಂದು ಮೋಡ್‌ಗೆ ಹೋದ ಮೇಲೆ ಅಲ್ಲಿ ಕನಿಷ್ಠ ಎಷ್ಟು ಹೊತ್ತು ಇರಬೇಕು ಎಂಬುದು. ಮೊದಲ ಮೋಡ್‌ಗೆ ‘ಎಕ್ಸ್ ವರ್ಗದ ಹತ್ತರಷ್ಟು ಕೂಡಿಸು ವೈ ವರ್ಗ’, ಎರಡನೆಯದಕ್ಕೆ ‘ಎಕ್ಸ್ ವರ್ಗ ಕೂಡಿಸು ವೈ ವರ್ಗದ ಹತ್ತರಷ್ಟು’ ಎಂಬ ಲ್ಯಾಪುನೊವ್ ಫಲನ (ಸ್ಥಿತಿ ಸೊನ್ನೆಯಿಂದ ಎಷ್ಟು ದೂರ ಎಂದು ಅಳೆಯುವ, ಸ್ಥಿರ ಮೋಡ್‌ನಲ್ಲಿ ಇಳಿಯುತ್ತಲೇ ಹೋಗುವ ಫಲನ) ತೆಗೆದುಕೊಳ್ಳಿ. ಎರಡೂ ತಂತಮ್ಮ ಮೋಡ್‌ನಲ್ಲಿ ಆಲ್ಫಾ = 2 ದರದಲ್ಲಿ ಇಳಿಯುತ್ತವೆ. ಸ್ವಿಚ್ ಆದಾಗ ಒಂದರ ಬೆಲೆ ಇನ್ನೊಂದರ 10 ಪಟ್ಟಿಗಿಂತ ಹೆಚ್ಚಾಗದು, ಆದ್ದರಿಂದ ಮ್ಯೂ = 10. ಸೂತ್ರ ಇಷ್ಟೇ: ಮ್ಯೂವಿನ ಸ್ವಾಭಾವಿಕ ಲಾಗರಿದಮ್ ಅನ್ನು ಆಲ್ಫಾದಿಂದ ಭಾಗಿಸಿ. 2.303 ಭಾಗಿಸು 2, ಅಂದರೆ 1.151 ಸೆಕೆಂಡ್. ಸರಾಸರಿಯಲ್ಲಿ ಇದಕ್ಕಿಂತ ನಿಧಾನವಾಗಿ ಸ್ವಿಚ್ ಮಾಡಿದರೆ ಸ್ಥಿರತೆ ಖಚಿತ. ಇಂಥ ಸಂಖ್ಯೆಗಳು ವಿಪರೀತ ಸುರಕ್ಷಿತವಾಗಿರುತ್ತವೆ ಎಂಬ ದೂರು ಸಾಮಾನ್ಯ, ಇಲ್ಲಿ ಮಾತ್ರ ಅದು ನಿಲ್ಲದು. ಕಾಲು ಸುತ್ತಿನ 23 ಪಟ್ಟು, ಅಂದರೆ 1.142 ಸೆಕೆಂಡಿಗೊಮ್ಮೆ ಅಕ್ಷದ ಮೇಲೆಯೇ ಸ್ವಿಚ್ ಮಾಡುತ್ತಾ ಹೋದರೆ ಪ್ರತಿ ಸ್ವಿಚ್‌ಗೂ ಸ್ಥಿತಿ ಶೇ. 0.9ರಷ್ಟು ಬೆಳೆಯುತ್ತದೆ.

ಇನ್ನು ವಿಳಂಬ. ಕರ್ಣದಾಚೆಯ ಎರಡು ಪದಗಳು (10 ಮತ್ತು −100) ವಿಳಂಬವಾಗಿ ಬರುತ್ತವೆ ಎನ್ನಿ. ಕೇವಲ 1 ಮಿಲಿಸೆಕೆಂಡ್ ವಿಳಂಬಕ್ಕೆ ಎರಡೂ ಮೋಡ್‌ಗಳು ಸ್ವಿಚಿಂಗ್ ಇಲ್ಲದೆಯೇ ಸ್ಥಿರತೆ ಕಳೆದುಕೊಳ್ಳುತ್ತವೆ. 31.6 ರೇಡಿಯನ್ ಪ್ರತಿ ಸೆಕೆಂಡ್ ಆವೃತ್ತಿಯಲ್ಲಿ 1 ಮಿಲಿಸೆಕೆಂಡ್ ಎಂದರೆ 1.8 ಡಿಗ್ರಿ ಫೇಸ್ ಹಿನ್ನಡೆ, ಮೋಡ್‌ನಲ್ಲಿ ಆಂದೋಲನ ತಗ್ಗಿಸುವ ಡ್ಯಾಂಪಿಂಗ್ ಇದ್ದುದೇ ಅಷ್ಟು. ಅರ್ಧ ಮಿಲಿಸೆಕೆಂಡ್ ಆದರೆ ಮೋಡ್‌ಗಳು ಉಳಿಯುತ್ತವೆ, ಆದರೆ ಇಳಿಕೆಯ ದರ −1ರಿಂದ ಸುಮಾರು −0.5ಕ್ಕೆ ಬೀಳುತ್ತದೆ. ಫಲನದ ಆಲ್ಫಾ ಈ ದರದ ಇಮ್ಮಡಿ, ಅದು 2ರಿಂದ 1ಕ್ಕೆ ಇಳಿದು ಬೇಕಾಗುವ ಡ್ವೆಲ್ ಟೈಮ್ ಸುಮಾರು 2.3 ಸೆಕೆಂಡ್‌ಗೆ ಏರುತ್ತದೆ. ಇದರ ಮೇಲೆ ಕರ್ಣದ −1 ಎಂಬ ಡ್ಯಾಂಪಿಂಗ್ ಶೇ. 30 ಆಚೀಚೆ ಆಗಬಹುದು ಎಂದರೆ ಕೆಟ್ಟ ಸಂದರ್ಭದಲ್ಲಿ ಉಳಿಯುವುದು 0.7 ಕಳೆ 0.5, ಅಂದರೆ 0.2. ಡ್ವೆಲ್ ಟೈಮ್ 5.8 ಸೆಕೆಂಡ್ ಹತ್ತಿರ ಹೋಯಿತು. ಶೇ. 30 ಅನಿಶ್ಚಿತತೆ ಒಂಟಿಯಾಗಿದ್ದರೆ 1.151 ಸೆಕೆಂಡ್ 1.64ಕ್ಕೆ ಮಾತ್ರ ಏರುತ್ತಿತ್ತು. ಮೂರೂ ಕೂಡಿದಾಗ ಹೊಡೆತ ಎಲ್ಲಿಂದ ಬೀಳುತ್ತದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ: ವಿಳಂಬ ಮೊದಲೇ ತೆಳ್ಳಗೆ ಮಾಡಿದ ಡ್ಯಾಂಪಿಂಗ್ ಮೇಲೆ ಅನಿಶ್ಚಿತತೆ ಬಂದು ಕೂರುತ್ತದೆ.

ಆದ್ದರಿಂದ ಎಲ್‌ಎಂಐ ಮುಟ್ಟುವ ಮೊದಲು ಪ್ರತಿ ಮೋಡ್‌ಗೂ ಬದಲಾಗದ ವಿಳಂಬದ ಅಂಚನ್ನು ಆವೃತ್ತಿ ವಿಧಾನದಲ್ಲಿ (ಮೇಲೆ ಫೇಸ್ ನೋಡಿದಂತೆ) ಲೆಕ್ಕ ಹಾಕಿ. ಅರ್ಧ ಗಂಟೆಯ ಕೆಲಸ. ಒಂದು ಮೋಡ್ ಅಲ್ಲೇ ಸೋತರೆ ಆ ವಿಳಂಬಕ್ಕೆ ಮುಂದೆ ಯಾವ ಅಸಮಾನತೆಯೂ ಅದನ್ನು ಸ್ಥಿರ ಎಂದು ತೋರಿಸಲಾರದು.

ಸ್ವಿಚಿಂಗ್ ಬಗ್ಗೆ ಏನು ಗೊತ್ತು? ಆಯ್ಕೆ ಅಲ್ಲಿಂದ ಶುರು

ಯಾವಾಗ ಬೇಕಾದರೂ, ಎಷ್ಟು ಬೇಗ ಬೇಕಾದರೂ ಸ್ವಿಚ್ ಆಗಬಹುದು ಎಂದಾದರೆ ಎಲ್ಲ ಮೋಡ್‌ಗಳಿಗೂ ಒಂದೇ ಸಾಮಾನ್ಯ ಲ್ಯಾಪುನೊವ್ ಫಲನ ಬೇಕು. ಮ್ಯೂ 1 ಆಗಿಬಿಡುತ್ತದೆ, ಡ್ವೆಲ್ ಟೈಮ್ ಶರತ್ತು ಬೀಳುತ್ತದೆ, ಸ್ವಿಚ್ ಎಣಿಸುವ ಗೋಜಿಲ್ಲ. ಮೋಡ್‌ಗಳು ಒಂದೇ ಪ್ಲಾಂಟ್‌ನ (ನಿಯಂತ್ರಿಸಬೇಕಾದ ವ್ಯವಸ್ಥೆಯ) ಸಣ್ಣ ಬದಲಾವಣೆಗಳಾಗಿದ್ದರೆ ಮೊದಲು ಪ್ರಯತ್ನಿಸಬೇಕಾದ್ದು ಇದನ್ನೇ. ಮ್ಯಾಟ್ರಿಕ್ಸ್‌ಗಳು ಪರಸ್ಪರ ಕಮ್ಯೂಟ್ ಆಗುವಂತಿದ್ದರೆ (ಗುಣಿಸುವ ಕ್ರಮ ಬದಲಿಸಿದರೂ ಉತ್ತರ ಅದೇ ಆದರೆ) ಇಂಥ ವರ್ಗಾತ್ಮಕ ಫಲನ (ವರ್ಗಪದಗಳಿಂದ ಕಟ್ಟಿದ್ದು) ಇದ್ದೇ ಇರುತ್ತದೆ. ನೆನಪಿಡಬೇಕಾದ ಮಿತಿ ಒಂದಿದೆ: ಸಾಮಾನ್ಯ ವರ್ಗಾತ್ಮಕ ಫಲನ ಸಿಗಲಿಲ್ಲ ಎಂದ ಮಾತ್ರಕ್ಕೆ ವ್ಯವಸ್ಥೆ ಅಸ್ಥಿರ ಎಂದಾಗದು. ಸ್ವೇಚ್ಛೆಯ ಸ್ವಿಚಿಂಗ್‌ನಲ್ಲಿ ಸ್ಥಿರವಾಗಿದ್ದೂ ವರ್ಗಾತ್ಮಕ ಸಾಮಾನ್ಯ ಫಲನ ಇಲ್ಲದ ರೇಖೀಯ ಉದಾಹರಣೆಯನ್ನು ದಯಾವನ್ಸ ಮತ್ತು ಮಾರ್ಟಿನ್ 1999ರಲ್ಲಿ ಕೊಟ್ಟಿದ್ದಾರೆ.

ಎರಡು ಮೋಡ್, ಎರಡು ಆಯಾಮ, ವಿಳಂಬ ಇಲ್ಲ ಎಂದರೆ ಸಾಮಾನ್ಯ ವರ್ಗಾತ್ಮಕ ಫಲನ ಇದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಮೊದಲ ಮ್ಯಾಟ್ರಿಕ್ಸ್ ಅನ್ನು ಎರಡನೆಯದರಿಂದ ಗುಣಿಸಿ, ಆಮೇಲೆ ಮೊದಲನೆಯದನ್ನೇ ಬೇರೆಯಾಗಿ ಎರಡನೆಯದರ ವಿಲೋಮದಿಂದಲೂ ಗುಣಿಸಿ. ಎರಡು ಫಲಿತಾಂಶಗಳಲ್ಲಿ ಯಾವುದಕ್ಕೂ ಋಣ ವಾಸ್ತವ ಐಗೆನ್ ಮೌಲ್ಯ ಇರಬಾರದು. ಮೇಲಿನ ಉದಾಹರಣೆಯಲ್ಲಿ ಮೊದಲ ಗುಣಲಬ್ಧದ ಸಾಲುಗಳು (−99, −110) ಮತ್ತು (110, −9999). ಐಗೆನ್ ಮೌಲ್ಯಗಳೆರಡೂ ಋಣ, ಕಥೆ ಅಲ್ಲಿಗೆ ಮುಗಿಯಿತು. ಮೋಜಿನ ಸಂಗತಿಯೆಂದರೆ ಈ ಎರಡು ಮ್ಯಾಟ್ರಿಕ್ಸ್‌ಗಳ ಸರಾಸರಿ ಸ್ಥಿರವೇ. ಹಾಗಾಗಿ ಸಮಪಾಲಿನಲ್ಲಿ ಅತಿ ವೇಗವಾಗಿ, ಕಾಲು ಸುತ್ತಿಗಿಂತ ಎಷ್ಟೋ ಕಡಿಮೆ ಅವಧಿಯಲ್ಲಿ, ಆಚೀಚೆ ಸ್ವಿಚ್ ಮಾಡಿದರೆ ವ್ಯವಸ್ಥೆ ಮತ್ತೆ ಸ್ಥಿರವಾಗುತ್ತದೆ. ಕೆಡುವುದು ನಡುವಿನ ವೇಗಗಳಲ್ಲಿ. ‘ವೇಗ ಹೆಚ್ಚಿದಷ್ಟೂ ಅಪಾಯ’ ಎಂದು ಕಣ್ಣು ಮುಚ್ಚಿ ಹೇಳುವಂತಿಲ್ಲ.

ಸ್ವಿಚ್‌ಗಳ ನಡುವೆ ಸಮಯ ಇರುತ್ತದೆ ಎಂದು ಗೊತ್ತಿದ್ದರೆ ಪ್ರತಿ ಮೋಡ್‌ಗೂ ಬೇರೆ ಬೇರೆ ಫಲನ ಇಟ್ಟು ಸರಾಸರಿ ಡ್ವೆಲ್ ಟೈಮ್ ಬಳಸಿ. ಹೆಸ್ಪಾನ್ಹ ಮತ್ತು ಮೋರ್ಸ್ 1999ರಲ್ಲಿ ತಂದ ಈ ಕಲ್ಪನೆಯಲ್ಲಿ ಅಪರೂಪಕ್ಕೊಮ್ಮೆ ಬೆನ್ನುಬೆನ್ನಿಗೆ ಸ್ವಿಚ್ ಆದರೂ ನಡೆಯುತ್ತದೆ, ದೀರ್ಘಕಾಲದ ಲೆಕ್ಕ ಸರಿಹೋದರೆ ಸಾಕು. ಆದರೆ ಗೊಂಚಲಿನಲ್ಲಿ ಎಷ್ಟು ಸ್ವಿಚ್‌ಗಳಿಗೆ ಅವಕಾಶ ಕೊಟ್ಟಿರೋ ಅಷ್ಟೂ ಸಲ ಲ್ಯಾಪುನೊವ್ ಫಲನದ ಮಿತಿ ಮ್ಯೂ ಪಟ್ಟು ಮೇಲಕ್ಕೆ ಹೋಗುತ್ತದೆ. ಮ್ಯೂ 10 ಇದ್ದು ಗೊಂಚಲಿನಲ್ಲಿ ಮೂರು ಸ್ವಿಚ್ ಬಿಟ್ಟರೆ ಲ್ಯಾಪುನೊವ್ ಫಲನದ ಮಿತಿ ಸಾವಿರ ಪಟ್ಟು. ಪ್ರಮೇಯದ ಪ್ರಕಾರ ಸ್ಥಿರ, ಆಕ್ಚುಯೇಟರ್ ಪ್ರಕಾರ ಅನರ್ಥ.

ಒಂದು ಮೋಡ್ ವೇಗವಾಗಿ ಇಳಿಯುತ್ತದೆ, ಇನ್ನೊಂದು ಸೋಮಾರಿ ಎಂದಿದ್ದರೆ ಎಲ್ಲಕ್ಕೂ ಒಂದೇ ಆಲ್ಫಾ ಹಾಕುವುದು ದುಂದು. ಮೋಡ್‌ಗೊಂದು ಆಲ್ಫಾ, ಮೋಡ್‌ಗೊಂದು ಮ್ಯೂ ಇಟ್ಟುಕೊಂಡು ಮೋಡ್‌ವಾರು ಸರಾಸರಿ ಡ್ವೆಲ್ ಟೈಮ್ ಲೆಕ್ಕ ಹಾಕಿ. ಎಲ್‌ಎಂಐಗಳ ಸಂಖ್ಯೆ ಹೆಚ್ಚುವುದಿಲ್ಲ, ಲಾಭ ಮಾತ್ರ ಇದೆ. ಇದನ್ನು ಬಿಡಲು ಕಾರಣವೇ ಇಲ್ಲ.

ಕೆಲವು ಮೋಡ್‌ಗಳು ಅಸ್ಥಿರವೇ ಆಗಿದ್ದರೆ (ಪ್ಯಾಕೆಟ್ ಕಳೆದುಹೋಗಿ ಫೀಡ್‌ಬ್ಯಾಕ್ ಇಲ್ಲದ ಹೊತ್ತು ಇದಕ್ಕೆ ಮಾದರಿ) ಡ್ವೆಲ್ ಟೈಮ್ ಜೊತೆಗೆ ಸಮಯದ ಪಾಲನ್ನೂ ಮಿತಿಗೊಳಿಸಬೇಕು. ಸ್ಥಿರ ಮೋಡ್ 2ರ ದರದಲ್ಲಿ ಇಳಿಸುತ್ತದೆ, ಅಸ್ಥಿರ ಮೋಡ್ 1ರ ದರದಲ್ಲಿ ಏರಿಸುತ್ತದೆ, ಒಟ್ಟಾರೆ 0.5ರ ಇಳಿಕೆ ಬೇಕು ಎನ್ನಿ. ಸ್ಥಿರ ಸಮಯಕ್ಕೂ ಅಸ್ಥಿರ ಸಮಯಕ್ಕೂ ಇರಬೇಕಾದ ಅನುಪಾತ (1 + 0.5) ಭಾಗಿಸು (2 − 0.5), ಅಂದರೆ ಕನಿಷ್ಠ ಸಮಸಮ. ಮ್ಯೂವಿನ ದಂಡ ಇದರ ಮೇಲೆ ಬೇರೆ.

ಸ್ವಿಚಿಂಗ್ ನಿಮ್ಮ ಕೈಯಲ್ಲೇ ಇದ್ದರೆ, ಅಂದರೆ ಯಾವ ಮೋಡ್ ಎಂದು ನೀವೇ ನಿರ್ಧರಿಸುವುದಾದರೆ, ಕನಿಷ್ಠ ಬೆಲೆಯ ಫಲನವನ್ನು ಆರಿಸುವ ನಿಯಮ ಮತ್ತು ಲ್ಯಾಪುನೊವ್–ಮೆಟ್ಜ್ಲರ್ ಅಸಮಾನತೆಗಳು ದಾರಿ. ಜೆರೊಮೆಲ್ ಮತ್ತು ಕೊಲನೇರಿ 2006ರಲ್ಲಿ ಕೊಟ್ಟ ಈ ವಿಧಾನದಿಂದ ಎಲ್ಲ ಮೋಡ್‌ಗಳೂ ಅಸ್ಥಿರವಾಗಿದ್ದರೂ ಸ್ಥಿರಗೊಳಿಸಲು ಸಾಧ್ಯವಾಗಬಹುದು. ಅಸಮಾನತೆಗಳು ದ್ವಿರೇಖೀಯ (ಚರಗಳು ಪರಸ್ಪರ ಗುಣಿಸಿಕೊಂಡಿರುತ್ತವೆ), ಆದರೆ ಎರಡು ಮೋಡ್‌ಗಳಿಗೆ ಗ್ರಿಡ್ ಹಾಕಬೇಕಾದ್ದು (ಬೆಲೆಗಳನ್ನು ಒಂದೊಂದಾಗಿ ಇಟ್ಟು ನೋಡಬೇಕಾದ್ದು) ಎರಡು ಸಂಖ್ಯೆಗಳಿಗೆ ಮಾತ್ರ. ನಾಲ್ಕು ಮೋಡ್‌ಗಳಾದರೆ ಹನ್ನೆರಡು, ಆಗ ಗ್ರಿಡ್ ಆಸೆ ಬಿಡಿ. ವಿಳಂಬ ಇದ್ದಾಗ ಈ ವಿಧಾನಕ್ಕೆ ಇನ್ನೊಂದು ಪೆಟ್ಟಿದೆ: ಸೆನ್ಸರ್ ತಡವಾದರೆ ಮೋಡ್ ಆರಿಸುವ ನಿಯಮವೂ ಹಳೆಯ ಸ್ಥಿತಿಯನ್ನು ನೋಡಿ ತೀರ್ಮಾನಿಸುತ್ತದೆ, ಸ್ವಿಚ್ ಗೆರೆ ದಾಟಿದ ಮೇಲೆ ಬೀಳುತ್ತದೆ. ಗೆರೆಯ ಆಚೀಚೆ ಹಿಸ್ಟೆರಿಸಿಸ್ ಪಟ್ಟಿ (ಸ್ವಿಚ್ ಮಾಡದೆ ಬಿಡುವ ಅಂತರ) ಇಡದಿದ್ದರೆ ಚಾಟರಿಂಗ್, ಅಂದರೆ ಮೋಡ್‌ಗಳ ನಡುವೆ ಪಟಪಟನೆ ಜಿಗಿತ, ತಪ್ಪದು.

ವಿಳಂಬಕ್ಕೆ: ಕ್ರಾಸೋವ್ಸ್ಕಿ, ರಜುಮಿಖಿನ್, ಅಥವಾ ಸ್ಥಿತಿ ಹಿಗ್ಗಿಸುವುದು

ನಿರಂತರ ಕಾಲದಲ್ಲಿ ಹೆಚ್ಚಿನ ಸಂದರ್ಭಗಳಿಗೆ ಲ್ಯಾಪುನೊವ್–ಕ್ರಾಸೋವ್ಸ್ಕಿ ಫಂಕ್ಷನಲ್ (ಹಿಂದಿನ ಸ್ಥಿತಿಗಳನ್ನೂ ಲೆಕ್ಕಕ್ಕೆ ಹಿಡಿಯುವ ಲ್ಯಾಪುನೊವ್ ಫಲನ) ಸರಿ. ಈಗಿನ ಸ್ಥಿತಿಗೆ ಪಿ, ವಿಳಂಬದ ಅವಧಿಯ ಸ್ಥಿತಿಗೆ ಕ್ಯೂ, ಅದರ ಬದಲಾವಣೆಯ ದರಕ್ಕೆ ಆರ್, ಹೀಗೆ ಮೂರು ಮ್ಯಾಟ್ರಿಕ್ಸ್. ಸ್ವಿಚಿಂಗ್ ಇದ್ದಾಗ ಘಾತೀಯ ತೂಕವನ್ನೂ (ಹಳೆಯ ಸ್ಥಿತಿಗೆ ಕಡಿಮೆ ತೂಕ) ಒಳಗೆ ಸೇರಿಸಬೇಕು, ಇಲ್ಲದಿದ್ದರೆ ಆಲ್ಫಾ ಸಿಗುವುದೇ ಇಲ್ಲ.

ವಿಳಂಬ ಬದಲಾಗುವಂಥದ್ದಾದರೆ ಅದು ಎಷ್ಟು ವೇಗವಾಗಿ ಬದಲಾಗುತ್ತದೆ ಎಂದು ನೋಡಿ. ಕ್ಯೂ ಪದದ ಉಪಯೋಗ ವಿಳಂಬದ ನಿಷ್ಪನ್ನ (ಅದು ಬದಲಾಗುವ ದರ) 1ಕ್ಕಿಂತ ಕಡಿಮೆ ಇದ್ದಾಗ ಮಾತ್ರ. ಸ್ಯಾಂಪಲ್ ಮಾಡಿ ಹಿಡಿದಿಡುವ ವ್ಯವಸ್ಥೆಯಲ್ಲಿ ವಿಳಂಬ ಗರಗಸದ ಹಲ್ಲಿನಂತೆ ಏರುತ್ತದೆ, ನಿಷ್ಪನ್ನ ಸರಿಯಾಗಿ 1. ಅಲ್ಲಿ ಬದಲಾಗುವ ವಿಳಂಬದ ಕ್ಯೂ ಪದವನ್ನು ಕೈಬಿಟ್ಟು, ಗರಿಷ್ಠ ವಿಳಂಬಕ್ಕೆ ಕಟ್ಟಿದ ಪದಗಳನ್ನೂ ಆರ್ ಪದವನ್ನೂ ನೆಚ್ಚಿಕೊಳ್ಳಬೇಕು. ‘ನಿಷ್ಪನ್ನದ ಮಿತಿ 0.5’ ಎಂದು ಸುಮ್ಮನೆ ಬರೆದು ನೆಟ್‌ವರ್ಕ್ ವ್ಯವಸ್ಥೆಗೆ ಹಚ್ಚುವುದು ನಾವು ಪದೇ ಪದೇ ನೋಡುವ ತಪ್ಪು. ಎಲ್‌ಎಂಐ ಪಾಸಾಗುತ್ತದೆ, ಪುರಾವೆ ಸುಳ್ಳಾಗುತ್ತದೆ.

ಆರ್ ಪದದಿಂದ ಬರುವ ಇಂಟಿಗ್ರಲ್ ಪದವನ್ನು ಮಿತಿಗೊಳಿಸಲು ಸರಳವಾದ ಜೆನ್ಸನ್ ಅಸಮಾನತೆ ಸಾಕೇ, ಅದಕ್ಕಿಂತ ಚೂಪಾದ ವಿರ್ಟಿಂಗರ್ ಆಧಾರಿತ ಅಸಮಾನತೆ ಬೇಕೇ? ಎಲ್ಲರೂ ಬಳಸುವ ಪರೀಕ್ಷಾ ಉದಾಹರಣೆಯ ಮ್ಯಾಟ್ರಿಕ್ಸ್ ಸಾಲುಗಳು (−2, 0), (0, −0.9), ವಿಳಂಬಿತ ಭಾಗ (−1, 0), (−1, −1). ಬದಲಾಗದ ವಿಳಂಬಕ್ಕೆ ನಿಜವಾದ ಮಿತಿ 6.17 ಸೆಕೆಂಡ್. ಜೆನ್ಸನ್ ಕೊಡುವುದು 4.47, ಸ್ಯೂರೆ ಮತ್ತು ಗುಯೆಸ್ಬೊ 2013ರಲ್ಲಿ ತಂದ ವಿರ್ಟಿಂಗರ್ ರೂಪ ಕೊಡುವುದು 6.06. ಚರಗಳು 9ರಿಂದ 16ಕ್ಕೆ ಏರಿದವು, ಅಷ್ಟೇ. ಇಷ್ಟು ನೋಡಿ ಯಾವಾಗಲೂ ವಿರ್ಟಿಂಗರ್ ಎಂದುಬಿಡಬೇಡಿ. ಇಲ್ಲಿ ಮಿತಿಯ ಹತ್ತಿರ ಆವೃತ್ತಿ ಗುಣಿಸು ವಿಳಂಬ 2.69 ರೇಡಿಯನ್, ವಿಳಂಬದ ಅವಧಿಯೊಳಗೆ ಸ್ಥಿತಿ ಹೆಚ್ಚುಕಡಿಮೆ ಅರ್ಧ ಸುತ್ತು ಹಾಕುತ್ತದೆ. ಆ ಅವಧಿಯುದ್ದಕ್ಕೂ ಬದಲಾವಣೆಯ ದರ ಒಂದೇ ಇದ್ದಾಗ ಜೆನ್ಸನ್‌ಗೆ ನಷ್ಟವಿಲ್ಲ, ದರ ತಿರುಗಿದಷ್ಟೂ ನಷ್ಟ. ಮೊದಲ ಉದಾಹರಣೆಯಲ್ಲಿ ಅದೇ ಗುಣಲಬ್ಧ 0.03. ಅಲ್ಲಿ ಚೂಪಾದ ಅಸಮಾನತೆ ತಂದು ಪ್ರಯೋಜನವಿಲ್ಲ. ಗುಣಲಬ್ಧ 0.5ಕ್ಕಿಂತ ಕೆಳಗಿದ್ದರೆ ಜೆನ್ಸನ್, 1 ದಾಟಿದರೆ ವಿರ್ಟಿಂಗರ್ ಎಂಬುದು ನಾವು ಪಾಲಿಸುವ ಒರಟು ಅಳತೆ.

ಸ್ವಿಚಿಂಗ್ ಇರುವಾಗ ಚೂಪಾದ ಅಸಮಾನತೆಗೆ ಮರೆಯಾದ ಬೆಲೆಯೂ ಇದೆ. ಮ್ಯೂ ಶರತ್ತು ಪಿಗೆ ಮಾತ್ರ ಅನ್ವಯಿಸುವುದಲ್ಲ, ಕ್ಯೂಗೂ ಆರ್‌ಗೂ ಪ್ರತಿ ಮೋಡ್ ಜೋಡಿಗೂ ಅನ್ವಯಿಸುತ್ತದೆ. ವಿರ್ಟಿಂಗರ್‌ನಲ್ಲಿ ಪಿ ಇಮ್ಮಡಿ ಗಾತ್ರದ್ದು, ಅದೂ ಈ ಶರತ್ತಿನೊಳಗೆ ಬರಬೇಕು. ಯಾವುದೋ ಒಂದು ಮೂಲೆಯಲ್ಲಿ ಆರ್ ಒಂದು ಮೋಡ್‌ಗೆ 100 ಪಟ್ಟು ದೊಡ್ಡದಾದರೆ ಮ್ಯೂ 100, ವಿಳಂಬದಲ್ಲಿ ಗಳಿಸಿದ್ದನ್ನು ಡ್ವೆಲ್ ಟೈಮ್‌ನಲ್ಲಿ ಕಳೆದುಕೊಂಡಿರಿ. ಪರಿಹಾರ ಸರಳ: ಪಿ ಮೋಡ್‌ವಾರು ಇರಲಿ, ಕ್ಯೂ ಮತ್ತು ಆರ್ ಎಲ್ಲ ಮೋಡ್‌ಗಳಿಗೂ ಒಂದೇ ಇರಲಿ. ಮೊದಲು ಇದನ್ನು ಓಡಿಸಿ ನೋಡಿ, ಸೋತರೆ ಮಾತ್ರ ಬಿಡಿಸಿ.

ರಜುಮಿಖಿನ್ ವಿಧಾನದ ಗುಣ ಅದರ ಸರಳತೆ. ಫಲನ ಈಗಿನ ಸ್ಥಿತಿಯದು ಮಾತ್ರ, ವಿಳಂಬದ ನಿಷ್ಪನ್ನದ ಮಿತಿ ಬೇಡ, ಮ್ಯೂ ಶರತ್ತು ಪಿ ಒಂದಕ್ಕೇ. ಅಂಚು ಸಾಮಾನ್ಯವಾಗಿ ಕ್ರಾಸೋವ್ಸ್ಕಿಗಿಂತ ಕಡಿಮೆ. ಅರೇಖೀಯ ವ್ಯವಸ್ಥೆಗಳಿಗೆ, ಕಾಗದದ ಮೇಲೆಯೇ ಉತ್ತರ ಬೇಕಾದಾಗ ಒಳ್ಳೆಯದು.

ಡಿಸ್ಕ್ರೀಟ್ ಕಾಲದಲ್ಲಿ (ಸಮಯ ಸ್ಯಾಂಪಲ್‌ಗಳ ಹೆಜ್ಜೆಯಲ್ಲಿ ಸಾಗುವಾಗ) ದಾರಿಯೇ ಬೇರೆ. ಹಳೆಯ ಸ್ಥಿತಿಗಳನ್ನೆಲ್ಲ ಒಂದರ ಕೆಳಗೊಂದು ಪೇರಿಸಿದರೆ ವಿಳಂಬ ಮಾಯವಾಗುತ್ತದೆ, ವಿಳಂಬದ ಪ್ರತಿ ಬೆಲೆಯೂ ಇನ್ನೊಂದು ಮೋಡ್ ಆಗುತ್ತದೆ. 4 ಸ್ಥಿತಿ, ಗರಿಷ್ಠ 5 ಸ್ಯಾಂಪಲ್ ವಿಳಂಬ, 3 ಮೋಡ್ ಎಂದರೆ 24 ಆಯಾಮ, 18 ಮೋಡ್, ಮೋಡ್‌ಗೆ 300 ಚರ. ಇವತ್ತಿನ ಸಾಲ್ವರ್‌ಗೆ ಇದು ನಿಭಾಯಿಸಬಹುದಾದ ಗಾತ್ರ. ವಿಳಂಬ 20 ಸ್ಯಾಂಪಲ್ ಆದರೆ ಆಯಾಮ 84, ಒಂದೊಂದು ಮ್ಯಾಟ್ರಿಕ್ಸ್‌ಗೆ 3570 ಚರ. ಅಲ್ಲಿಂದ ಹಿಂದಿರುಗಿ ಕ್ರಾಸೋವ್ಸ್ಕಿ ಹಿಡಿಯಿರಿ. ಸಣ್ಣ ವಿಳಂಬಗಳಿಗೆ ಮಾತ್ರ ಪೇರಿಸುವುದೇ ಉತ್ತಮ. ಕೊನೆಗೆ ಬಂದ ಪ್ಯಾಕೆಟ್ಟನ್ನೇ ಹಿಡಿದಿಡುವ ವ್ಯವಸ್ಥೆಯಲ್ಲಿ ವಿಳಂಬ ಒಂದು ಹೆಜ್ಜೆಗೆ ಒಂದಕ್ಕಿಂತ ಹೆಚ್ಚು ಏರಲಾರದು. ಆ ಅಸಾಧ್ಯ ಜಿಗಿತಗಳ ಎಲ್‌ಎಂಐಗಳನ್ನು ಅಳಿಸಿ ಹಾಕಿದರೆ ಲೆಕ್ಕ ಹಗುರ, ಉತ್ತರವೂ ಕಡಿಮೆ ಬಿಗಿ.

ಅನಿಶ್ಚಿತತೆಯನ್ನು ಬರೆಯುವ ಬಗೆ

ಆಯ್ಕೆ ಎರಡು. ನಾರ್ಮ್ ಮಿತಿಯ ರೂಪದಲ್ಲಿ (ಅನಿಶ್ಚಿತತೆಯ ಒಟ್ಟು ಗಾತ್ರಕ್ಕೆ ಮಿತಿ ಹಾಕಿ) ಬರೆದರೆ ಮೋಡ್‌ಗೆ ಒಂದೇ ಎಲ್‌ಎಂಐ, ಜೊತೆಗೆ ಎಪ್ಸಿಲಾನ್ ಎಂಬ ಒಂದು ಚರ. ಬಹುಭುಜ ರೂಪದಲ್ಲಿ (ನಿಯತಾಂಕಗಳ ತುದಿ ಬೆಲೆಗಳ ಎಲ್ಲ ಜೋಡಣೆಗಳನ್ನು ಶೃಂಗಗಳಾಗಿಟ್ಟು) ಬರೆದರೆ 5 ನಿಯತಾಂಕಗಳಿಗೆ 32 ಶೃಂಗಗಳು, ಎಲ್ಲಕ್ಕೂ ಎಲ್‌ಎಂಐ. ನಿಯತಾಂಕಗಳು 3ರೊಳಗೆ ಇದ್ದು ನಿಧಾನವಾಗಿ ಬದಲಾಗುವಂಥವಾದರೆ ಬಹುಭುಜವೇ ಲೇಸು. ಅವು ಗೊತ್ತಿಲ್ಲದ ಆದರೆ ಬದಲಾಗದ ಅಥವಾ ನಿಧಾನವಾಗಿ ಬದಲಾಗುವ ಬೆಲೆಗಳು ಎಂಬ ಮಾಹಿತಿಯನ್ನು ಅದು ಬಳಸಿಕೊಳ್ಳಬಲ್ಲದು, ನಾರ್ಮ್ ರೂಪ ಅವುಗಳನ್ನು ಕ್ಷಣಕ್ಷಣಕ್ಕೂ ಬದಲಾಗಬಹುದು ಎಂದೇ ಭಾವಿಸುತ್ತದೆ.

ನಾರ್ಮ್ ರೂಪದಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ. ಎರಡು ಸ್ವತಂತ್ರ ನಿಯತಾಂಕಗಳನ್ನು ಒಂದೇ ಪೂರ್ಣ ಮ್ಯಾಟ್ರಿಕ್ಸ್‌ನಲ್ಲಿ ತುಂಬಿದರೆ ಪ್ಲಾಂಟ್‌ನಲ್ಲಿ ಇಲ್ಲವೇ ಇಲ್ಲದ ಅಡ್ಡ ಪದಗಳಿಗೂ ಅವಕಾಶ ಕೊಟ್ಟಂತೆ. ಅನಿಶ್ಚಿತತೆಯ ಮ್ಯಾಟ್ರಿಕ್ಸ್ ಅನ್ನು ಕರ್ಣ ರೂಪದಲ್ಲಿಡಿ, ಒಂದೇ ಎಪ್ಸಿಲಾನ್ ಬದಲು ಕರ್ಣ ಮ್ಯಾಟ್ರಿಕ್ಸ್ ಬಳಸಿ. ಸೇರುವ ಚರ ಒಂದೋ ಎರಡೋ. ಸಿಗುವ ಅಂಚು ಹಲವು ಬಾರಿ ವಿರ್ಟಿಂಗರ್ ಕೊಟ್ಟದ್ದಕ್ಕಿಂತ ಹೆಚ್ಚು.

ಕಂಟ್ರೋಲರ್ ವಿನ್ಯಾಸಕ್ಕೆ ಬಂದಾಗ

ಗೇನ್ (ಫೀಡ್‌ಬ್ಯಾಕ್‌ನ ಗುಣಕ) ಕೂಡ ಹುಡುಕಬೇಕಾದರೆ ಪಿಯ ವಿಲೋಮವನ್ನು ಚರವಾಗಿಟ್ಟು, ಗೇನ್ ಜೊತೆ ಅದರ ಗುಣಲಬ್ಧವನ್ನು ಇನ್ನೊಂದು ಚರವಾಗಿಡುವುದು ಸಾಮಾನ್ಯ ಕ್ರಮ. ಆರ್ ಪದದಿಂದ ರೇಖೀಯವಲ್ಲದ ಪದವೊಂದು ಉಳಿಯುತ್ತದೆ. ಅದನ್ನು ಒಂದು ಟ್ಯೂನಿಂಗ್ ಸಂಖ್ಯೆಯ ಮೇಲ್ಮಿತಿಯಿಂದ ಬದಲಿಸಿ, ಆ ಸಂಖ್ಯೆಯನ್ನು 0.1ರಿಂದ 10ರವರೆಗೆ ಲಾಗ್ ಅಳತೆಯಲ್ಲಿ ಹತ್ತಾರು ಬೆಲೆಗಳಿಗೆ ಓಡಿಸಿ. ಕೋನ್ ಕಾಂಪ್ಲಿಮೆಂಟಾರಿಟಿ ಪುನರಾವರ್ತನೆ (ಆ ಪದವನ್ನು ಸುತ್ತುಸುತ್ತಾಗಿ ಬಿಗಿಗೊಳಿಸುವ ಕ್ರಮ) ಇನ್ನಷ್ಟು ಹಿಂಡಬಲ್ಲದು, ಆದರೆ ಮೋಡ್‌ಗಳು ಹೆಚ್ಚಿದಂತೆ ನಿಲ್ಲದೆ ಸುತ್ತುತ್ತದೆ.

ವಿಳಂಬದ ಮಿತಿಯನ್ನು ಗರಿಷ್ಠಗೊಳಿಸು ಎಂದು ಸಾಲ್ವರ್‌ಗೆ ಬಿಟ್ಟರೆ ಗೇನ್ ಲಕ್ಷದ ಲೆಕ್ಕಕ್ಕೆ ಹೋಗುವುದು ಮಾಮೂಲು. ಪಿಯ ವಿಲೋಮಕ್ಕೆ ಕೆಳಮಿತಿ, ಇನ್ನೊಂದು ಚರದ ನಾರ್ಮ್‌ಗೆ ಮೇಲ್ಮಿತಿ ಹಾಕಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದ್ದೇ ಗೇನ್‌ನ ಮಿತಿ.

ಕಂಟ್ರೋಲರ್‌ಗೆ ಮೋಡ್ ಬದಲಾದ ಸುದ್ದಿ ತಡವಾಗಿ ತಲುಪಿದರೆ ಆ ಅಷ್ಟು ಹೊತ್ತು ಹಳೆಯ ಗೇನ್ ಹೊಸ ಪ್ಲಾಂಟ್‌ಗೆ ಅಂಟಿಕೊಂಡಿರುತ್ತದೆ. ಆಗ ಫಲನ ಬೀಟಾ ದರದಲ್ಲಿ ಏರಬಹುದು. ಡ್ವೆಲ್ ಟೈಮ್ ಸೂತ್ರದ ಮೇಲ್ಭಾಗಕ್ಕೆ ‘ತಡವಾದ ಸಮಯ ಗುಣಿಸು ಆಲ್ಫಾ, ಬೀಟಾಗಳ ಮೊತ್ತ’ ಸೇರಿಸಬೇಕು. ಆಲ್ಫಾ 2, ಬೀಟಾ 3, ಮ್ಯೂ 10 ಇಟ್ಟರೆ 0.1 ಸೆಕೆಂಡ್ ತಡಕ್ಕೆ 1.151 ಇದ್ದದ್ದು 1.40 ಆಗುತ್ತದೆ, 0.3 ಸೆಕೆಂಡ್‌ಗೆ 1.90. ಮೋಡ್ ಪತ್ತೆಯನ್ನು ಚುರುಕುಗೊಳಿಸುವುದು ಗೇನ್ ತಿದ್ದುವುದಕ್ಕಿಂತ ಅಗ್ಗ.

ಸಾಲ್ವರ್ ಮತ್ತು ಸಿಮ್ಯುಲೇಷನ್

ಆಲ್ಫಾ ಮತ್ತು ಮ್ಯೂ ಎರಡನ್ನೂ ಒಟ್ಟಿಗೆ ಚರಗಳಾಗಿ ಬಿಡಲಾಗದು, ಸಮಸ್ಯೆ ದ್ವಿರೇಖೀಯವಾಗುತ್ತದೆ. ಆಲ್ಫಾಗೆ ಗ್ರಿಡ್ ಹಾಕಿ, ಪ್ರತಿ ಬೆಲೆಗೂ ಮ್ಯೂವನ್ನು ದ್ವಿಭಾಜನದಿಂದ ಇಳಿಸಿ. ಆಲ್ಫಾ ದೊಡ್ಡದಾದಷ್ಟೂ ಮ್ಯೂ ಬೆಳೆಯುತ್ತದೆ, ಹಾಗಾಗಿ ಕನಿಷ್ಠ ಡ್ವೆಲ್ ಟೈಮ್ ಸಾಮಾನ್ಯವಾಗಿ ನಡುವೆ ಎಲ್ಲೋ ಇರುತ್ತದೆ, ಗರಿಷ್ಠ ಆಲ್ಫಾದಲ್ಲಲ್ಲ. ಪಿ ಕನಿಷ್ಠ ಯೂನಿಟ್ ಮ್ಯಾಟ್ರಿಕ್ಸ್‌ನಷ್ಟಿರಲಿ ಎಂಬ ಶರತ್ತು ಹಾಕಿ. ಇಲ್ಲದಿದ್ದರೆ ಎಲ್ಲವನ್ನೂ ಸೊನ್ನೆಗೆ ಕುಗ್ಗಿಸಿ ‘ಸಾಧ್ಯ’ ಎಂದು ಸಾಲ್ವರ್ ಹೇಳಿಬಿಡಬಹುದು. ಯಾಲ್ಮಿಪ್ (ಎಲ್‌ಎಂಐ ಬರೆಯುವ ಮ್ಯಾಟ್‌ಲ್ಯಾಬ್ ಸಲಕರಣೆ) ಮೂಲಕ ಮೋಸೆಕ್ ಅಥವಾ ಸೆಡ್ಯುಮಿ ಸಾಲ್ವರ್ ಓಡಿಸಿದ ಮೇಲೆ ಅದರ ಸಂದೇಶ ನಂಬಿ ಕೂರದೆ, ಬಂದ ಮ್ಯಾಟ್ರಿಕ್ಸ್‌ಗಳನ್ನು ಅಸಮಾನತೆಗೆ ಹಾಕಿ ಐಗೆನ್ ಮೌಲ್ಯಗಳನ್ನು ನೀವೇ ನೋಡಿ.

ಸಿಮ್ಯುಲೇಷನ್‌ನಲ್ಲಿ ಯಾದೃಚ್ಛಿಕ ಸ್ವಿಚಿಂಗ್ ನೂರು ಸಲ ಓಡಿಸಿ ಸಮಾಧಾನಪಡುವವರು ಬಹಳ. ಕೆಟ್ಟ ಕ್ರಮ ಅದರಲ್ಲಿ ಸಿಗುವುದು ಅಪರೂಪ. ಡ್ವೆಲ್ ಟೈಮ್ ಮುಗಿದೊಡನೆ, ಸ್ಥಿತಿಯನ್ನು ಹೆಚ್ಚು ಬೆಳೆಸುವ ಮೋಡ್‌ಗೇ ಜಿಗಿಯುವ ಹಟಮಾರಿ ನಿಯಮ ಬರೆದು ಓಡಿಸಿ. ಬ್ರ್ಯಾನಿಕಿಯ ಜೋಡಿಯಲ್ಲಿ ಅಕ್ಷದ ಮೇಲೆ ಸ್ವಿಚ್ ಮಾಡಿದಂತೆ. ಮ್ಯಾಟ್‌ಲ್ಯಾಬ್‌ನ ಡಿಡಿಇ23 (ವಿಳಂಬ ಇರುವ ಸಮೀಕರಣ ಬಿಡಿಸುವ ಆಜ್ಞೆ) ಬಳಸುವುದಾದರೆ ಸ್ವಿಚ್ ಕ್ಷಣದಲ್ಲಿ ಇಂಟಿಗ್ರೇಷನ್ ನಿಲ್ಲಿಸಿ, ಅಲ್ಲಿಯವರೆಗಿನ ಪರಿಹಾರವನ್ನೇ ಇತಿಹಾಸವಾಗಿ ಕೊಟ್ಟು ಮತ್ತೆ ಶುರು ಮಾಡಿ. ಕೊನೆಯ ಬಿಂದುವನ್ನು ಮಾತ್ರ ಕೊಟ್ಟರೆ ವಿಳಂಬದ ಅವಧಿಯ ಇತಿಹಾಸ ಸ್ಥಿರ ಬೆಲೆಯಾಗಿ ಮಾರ್ಪಡುತ್ತದೆ, ಅಸ್ಥಿರ ವ್ಯವಸ್ಥೆಯೂ ಪರದೆಯ ಮೇಲೆ ಶಾಂತವಾಗಿ ಇಳಿಯಬಹುದು. ವಿಳಂಬ ಬದಲಾಗುವಂಥದ್ದಾದರೆ ಡಿಡಿಇಎಸ್‌ಡಿ ಬಳಸಿ.